ಟಿಆರ್‌ಎನ್‌ಎ ವೇಷದ ಬಾಲ

ರಾತ್ರಿ ಹನ್ನೊಂದಾಯಿತು. ಇನ್ನೂ ಬ್ರೋಮ್ ಮೊಸಾಯಿಕ್ ವೈರಸ್ ಬಗ್ಗೆ ಓದುತ್ತಾ ಕೂತಿದ್ದೇನೆ. ಬಾರ್ಲಿ, ಬ್ರೋಮ್ ಹುಲ್ಲು, ಇಂಥವಕ್ಕೆ ತಗಲುವ ವೈರಸ್ ಇದು. ಇದರ ಇಡೀ ಜೀನೋಮ್, ಅಂದರೆ ಆನುವಂಶಿಕ ಮಾಹಿತಿ, ಮೂರು ಆರ್‌ಎನ್‌ಎ ಎಳೆಗಳಲ್ಲಿದೆ. ಒಟ್ಟು ಸುಮಾರು 8,200 ಅಕ್ಷರ (ಎ, ಯು, ಜಿ, ಸಿ ಎಂಬ ರಾಸಾಯನಿಕ ಘಟಕಗಳು), ಅಷ್ಟೇ.

ನನ್ನನ್ನು ಹಿಡಿದಿಟ್ಟಿದ್ದು ಆ ಎಳೆಗಳ ಬಾಲ. ಮೂರರ ತುದಿಯೂ ಒಂದೇ ಥರ ಮಡಚಿಕೊಂಡು ಗಿಡದ ಟಿಆರ್‌ಎನ್‌ಎ ಹಾಗೆ ನಟಿಸುತ್ತದೆ. ಪ್ರೋಟೀನ್ ಕಟ್ಟಲು ಅಮೈನೋ ಆಮ್ಲ ಹೊತ್ತು ತರುತ್ತದಲ್ಲ, ಅದೇ ಟಿಆರ್‌ಎನ್‌ಎ. ನಟನೆ ಎಷ್ಟು ಪಕ್ಕಾ ಅಂದರೆ, ಗಿಡದ ಕಿಣ್ವವೇ ಮೋಸಹೋಗಿ ಈ ಬಾಲಕ್ಕೆ ಟೈರೋಸಿನ್ ಎಂಬ ಅಮೈನೋ ಆಮ್ಲವನ್ನು ಅಂಟಿಸಿಬಿಡುತ್ತದೆ! ತುದಿಯ ಸಿಸಿಎ ಅಕ್ಷರಗಳು ಸವೆದರೆ ರಿಪೇರಿ ಮಾಡುವುದೂ ಗಿಡದ ಕಿಣ್ವವೇ. ಇನ್ನು ವೈರಸ್‌ನ ನಕಲು ಯಂತ್ರ ಬಂದು ಕೂರುವುದು ಇದೇ ಬಾಲದ ಒಂದು ಕುಣಿಕೆಯ ಮೇಲೆ. ಆ ಕುಣಿಕೆ ಕೆಟ್ಟರೆ ನಕಲು ಮಾಡುವ ಕೆಲಸವೇ ಕುಸಿಯುತ್ತದೆ.

2021ರಲ್ಲಿ ಅಮೆರಿಕದ ಕೊಲರಾಡೋದ ವಿಜ್ಞಾನಿಗಳು ಕ್ರಯೋ-ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ (ಹೆಪ್ಪುಗಟ್ಟಿಸಿದ ಅಣುಗಳನ್ನು ಎಲೆಕ್ಟ್ರಾನ್‌ಗಳಿಂದ ನೋಡುವ ಉಪಕರಣ) ಇದರ ಆಕಾರವನ್ನು ಕಂಡರು. ಕಿಣ್ವಕ್ಕೆ ಅಂಟಿಕೊಳ್ಳುವಾಗ ಬಾಲದ ಒಂದು ಭಾಗ ಜಾಗ ಬದಲಿಸುತ್ತದೆ. ಅಂದರೆ ಅದು ಗಟ್ಟಿ ಅಚ್ಚಲ್ಲ, ಅಲುಗಾಡುವ ವಸ್ತು. ಇದು ನನಗೆ ತುಂಬಾ ಇಷ್ಟವಾಯಿತು.

ಕಾಲೇಜಿನಲ್ಲಿ ಆರ್‌ಎನ್‌ಎ ಅಂದರೆ ಸುಮ್ನೆ ಒಂದು ಗೆರೆ ಎಳೆದು ಕೆಳಗೆ ಎ, ಯು, ಜಿ, ಸಿ ಬರೆಯುತ್ತಿದ್ದೆ. ಅದು ಬರೀ ಓದುವ ಸಾಲು ಅಂತಲೇ ಅಂದುಕೊಂಡಿದ್ದೆ. ಮಡಿಕೆಯೂ ಒಂದು ಮಾತು ಅಲ್ವಾ?

ಅಮ್ಮನ ಉಲ್ಲನ್ ದಾರ ತಂದು ಮೇಜಿನ ಮೇಲೆ ಆ ಬಾಲವನ್ನು ಮಡಚಿ ನೋಡುತ್ತಿದ್ದೇನೆ. ಮೂರನೇ ಕುಣಿಕೆ ಇನ್ನೂ ಸರಿಯಾಗಿ ಬಂದಿಲ್ಲ.