ಉದ್ಯಮಬಾಗದ ಟರ್ಬೊ ಸಿ ಪ್ರೋಗ್ರಾಮ್ ಜಿಸಿಸಿಗೆ ಬಂದ ದಿನ

ಬೆಳಗಾವಿಯ ಉದ್ಯಮಬಾಗದ ಒಂದು ಸಣ್ಣ ಫೌಂಡ್ರಿ. ಕಾಸ್ಟಿಂಗ್ ತೂಕದ ಲೆಕ್ಕ ಹಾಕಲು ಯಾವ ಕಾಲದಲ್ಲೋ ಟರ್ಬೊ ಸಿಯಲ್ಲಿ (ಡಾಸ್ ಕಾಲದ ಸಿ ಕಂಪೈಲರ್, ಅಂದರೆ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಸಾಧನ) ಬರೆಸಿದ ಪ್ರೋಗ್ರಾಮ್ ಅಲ್ಲಿತ್ತು. ಡಾಸ್ ಯಂತ್ರ ಕೈಕೊಟ್ಟ ಮೇಲೆ ಅದನ್ನು ಲಿನಕ್ಸಿಗೆ, ಅಲ್ಲಿನ ಸಿ ಕಂಪೈಲರ್ ಜಿಸಿಸಿಗೆ ತರುವ ಕೆಲಸ ಬಂತು. ಮಾಲೀಕರ ಬೇಡಿಕೆ ಒಂದೇ: "ಸಾಹೇಬ್ರ, ಹೊಸಾದೇನೂ ಬ್ಯಾಡ್ರಿ. ಹಳೇ ಲೆಕ್ಕ ಎಲ್ಲಾ ಹಂಗ ತೆರದ್ರ ಸಾಕ್ರಿ." ಮೂರು ಸಿ ಫೈಲ್, ಒಂದು ಹೆಡರ್ (ಸಿ ಫೈಲ್‌ಗಳು ಹಂಚಿಕೊಳ್ಳುವ ಘೋಷಣೆಗಳ ಫೈಲ್), ಒಂದು ಡೇಟಾ ಫೈಲ್, ಇಷ್ಟೇ ಸಾಮಾನು. ಕಂಪೈಲರ್ ಬೈದ ಕಡೆಯೆಲ್ಲ ಬೇಗ ಸರಿಹೋಯಿತು. ಅದು ಬಾಯಿ ಮುಚ್ಚಿಕೊಂಡಿದ್ದ ಕಡೆಯೇ ದಿನ ಕಳೆಯಿತು.

ಮೊದಲ ತಕರಾರು ಹೆಸರಿನದು. ಡಾಸ್‌ನಿಂದ ಬಂದ ಫೈಲ್‌ಗಳ ಹೆಸರೆಲ್ಲ ದೊಡ್ಡಕ್ಷರದಲ್ಲಿರುತ್ತವೆ. ಡಾಸ್‌ಗೆ ದೊಡ್ಡದು, ಚಿಕ್ಕದು ಎರಡೂ ಒಂದೇ, ಲಿನಕ್ಸಿಗೆ ಹಾಗಲ್ಲ. ಕೋಡಿನೊಳಗೆ ಹೆಡರಿನ ಹೆಸರು ಚಿಕ್ಕಕ್ಷರದಲ್ಲಿದ್ದರೆ ಫೈಲ್ ಕಣ್ಣೆದುರಿಗಿದ್ದರೂ "ಇಲ್ಲ" ಎನ್ನುವ ಎರರ್ ಬರುತ್ತದೆ. ಇದಕ್ಕಿಂತ ಮೋಸದ್ದು ಕೊನೆಯ ಒಂದಕ್ಷರ. ಚುಕ್ಕೆಯ ನಂತರದ ಸಿ ಚಿಕ್ಕದಿದ್ದರೆ ಮಾತ್ರ ಜಿಸಿಸಿ ಅದನ್ನು ಸಿ ಎಂದು ಓದುತ್ತದೆ. ದೊಡ್ಡದಿದ್ದರೆ ಸಿ ಪ್ಲಸ್ ಪ್ಲಸ್ ಎಂದು ಹಿಡಿಯುತ್ತದೆ. ಆಗ ಹಳೆಯ ಕೋಡಿನ ವಾಯ್ಡ್ ಮೇನ್‌ಗೆ (ಏನನ್ನೂ ಹಿಂತಿರುಗಿಸದ ಮೇನ್ ಫಂಕ್ಷನ್) ವಾರ್ನಿಂಗ್ ಬದಲು ನೇರ ಎರರ್: ಮೇನ್ ಇಂಟ್ (ಪೂರ್ಣಾಂಕ) ಅನ್ನೇ ಹಿಂತಿರುಗಿಸಬೇಕು. ಫೈಲ್ ಹೆಸರುಗಳನ್ನು ಚಿಕ್ಕಕ್ಷರಕ್ಕೆ ಬದಲಿಸುವುದೇ ಮದ್ದು. ಬದಲಿಸುವಂತಿಲ್ಲದಿದ್ದರೆ ಫೈಲ್ ಹೆಸರಿಗಿಂತ ಮುಂಚೆ ‘-ಎಕ್ಸ್ ಸಿ’ ಹಾಕಬೇಕು. ಆ ಆಪ್ಶನ್ ತನ್ನ ನಂತರ ಬರುವ ಫೈಲ್‌ಗಳಿಗಷ್ಟೇ ಅನ್ವಯಿಸುತ್ತದೆ, ಸಾಲಿನ ಕೊನೆಯಲ್ಲಿಟ್ಟರೆ ಉಪಯೋಗವಿಲ್ಲ.

ಪರದೆ, ಕೀಬೋರ್ಡ್ ನೋಡಿಕೊಳ್ಳುವ ಕೋನಿಯೋ ಹೆಡರ್ ಟರ್ಬೊ ಸಿಯಂಥ ಡಾಸ್ ಕಂಪೈಲರುಗಳ ಸೊತ್ತು, ಲಿನಕ್ಸಿನಲ್ಲಿ ಇಲ್ಲ. ಅದರ ಸಾಲು, ಕ್ಲಿಯರ್‌ಸ್ಕ್ರೀನ್ ಸಾಲು ತೆಗೆದು, ಗೆಟ್‌ಸಿಎಚ್ ಇದ್ದಲ್ಲಿ ಗೆಟ್‌ಚಾರ್ ಹಾಕಿದರೆ ಆಯಿತು.

ಇನ್ನು ಎಲ್ಲವನ್ನೂ ಒಂದೇ ಸಾಲಿನಲ್ಲಿ ಕಟ್ಟುವ ಆತುರ ಬೇಡ. ‘ಜಿಸಿಸಿ -ವಾಲ್ -ಸಿ ತೂಕ.ಸಿ’ ಎಂದು ಒಂದೊಂದೇ ಫೈಲನ್ನು ಆಬ್ಜೆಕ್ಟ್ (ಇನ್ನೂ ಜೋಡಿಸದ ಯಂತ್ರಭಾಷೆಯ ತುಂಡು) ಮಾಡಿಕೊಂಡರೆ ಎರರ್ ಕಂಪೈಲ್ ಹಂತದ್ದೋ ಲಿಂಕ್ ಹಂತದ್ದೋ ತಾನೇ ಗೊತ್ತಾಗುತ್ತದೆ. ಜಿಸಿಸಿ ಎಂಬ ಒಂದು ಹೆಸರಿನ ಹಿಂದೆ ಪ್ರಿಪ್ರೊಸೆಸರ್, ಕಂಪೈಲರ್, ಅಸೆಂಬ್ಲರ್, ತುಂಡುಗಳನ್ನು ಜೋಡಿಸುವ ಲಿಂಕರ್ ಸಾಲಾಗಿ ಓಡುತ್ತವೆ. ದೊಡ್ಡ ‘-ಇ’ ಕೊಟ್ಟರೆ ಮೊದಲನೆಯದರ ನಂತರ ನಿಲ್ಲುತ್ತದೆ, ದೊಡ್ಡ ‘-ಎಸ್’ ಕೊಟ್ಟರೆ ಎರಡನೆಯದರ ನಂತರ, ಚಿಕ್ಕ ‘-ಸಿ’ ಕೊಟ್ಟರೆ ಮೂರನೆಯದರ ನಂತರ. ಸಾಲು ಸಂಖ್ಯೆಯೊಂದಿಗೆ ಬಂದದ್ದು ಸಾಮಾನ್ಯವಾಗಿ ಕಂಪೈಲರಿನ ಮಾತು. "ಅನ್‌ಡಿಫೈನ್ಡ್ ರೆಫರೆನ್ಸ್" ಎಂದರೆ ಲಿಂಕರಿನದು, ಆಗ ಕೋಡಿನಲ್ಲಿ ಸೆಮಿಕೋಲನ್ ಹುಡುಕಿ ಫಲವಿಲ್ಲ. ಔಟ್‌ಪುಟ್ ಫೈಲಿಗೆ ಹೆಸರಿಡುವ ಚಿಕ್ಕ ‘-ಓ’ ಮುಂದೆ ಬರೆಯುವ ಹೆಸರಿನ ಮೇಲೂ ಕಣ್ಣಿರಲಿ. ‘-ಓ ಮೇನ್.ಸಿ ತೂಕ.ಸಿ’ ಎಂದು ಕೈತಪ್ಪಿ ಹೊಡೆದರೆ ಮೇನ್.ಸಿ ಔಟ್‌ಪುಟ್ ಆಗುತ್ತದೆ, ಅಂದರೆ ಬರೆದ ಕೋಡಿಗೆ ಎಳ್ಳುನೀರು.

‘-ವಾಲ್’ (ಡಬ್ಲ್ಯೂ, ಆಲ್) ಹೆಸರಿನಲ್ಲಿ "ಎಲ್ಲ" ಇದ್ದರೂ ಎಲ್ಲ ವಾರ್ನಿಂಗ್ ಅದರಲ್ಲಿಲ್ಲ. ಇನ್ನಷ್ಟಕ್ಕೆ ‘-ಡಬ್ಲ್ಯೂಎಕ್ಸ್‌ಟ್ರಾ’ ಬೇಕು. ‘-ಡಬ್ಲ್ಯೂಶ್ಯಾಡೊ’, ‘-ಡಬ್ಲ್ಯೂಕನ್ವರ್ಶನ್’ ಎರಡರಲ್ಲೂ ಇಲ್ಲ, ಬೇರೆಯಾಗಿ ಕೇಳಬೇಕು. ಇಲ್ಲಿ ‘-ವಾಲ್’ ಹಿಡಿದದ್ದರಲ್ಲಿ ಮುಖ್ಯವಾದದ್ದು ಸಾಲು ಓದುವ ಗೆಟ್ಸ್ ಫಂಕ್ಷನ್. ಸಿ11ರಲ್ಲೇ (ಸಿ ಭಾಷೆಯ 2011ರ ಸ್ಟ್ಯಾಂಡರ್ಡ್) ಅದನ್ನು ಭಾಷೆಯಿಂದ ಕಿತ್ತುಹಾಕಲಾಗಿದೆ. ಜಿಸಿಸಿ 11ರಲ್ಲಿ ಬರೀ ವಾರ್ನಿಂಗ್ ಬರುತ್ತದೆ. ಹೀಗೆ ಹೆಡರಿನಲ್ಲಿ ಘೋಷಿಸದ ಫಂಕ್ಷನ್ ಕರೆಯುವುದು ಜಿಸಿಸಿ 14ರಿಂದ ಎರರ್. ಎಫ್‌ಗೆಟ್ಸ್ ಹಾಕಿದರೆ ಸಾಲಿನ ಕೊನೆಯ ನ್ಯೂಲೈನ್ ಹೆಸರಿಗೆ ಅಂಟಿಕೊಂಡೇ ಬರುತ್ತದೆ. ಅದನ್ನು ಕತ್ತರಿಸದಿದ್ದರೆ ಪ್ಯಾಟರ್ನ್ (ಅಚ್ಚು ಮಾಡುವ ಮಾದರಿ) ಹೆಸರಿನಿಂದ ಹುಡುಕಿದಾಗ ಯಾವುದೂ ಸಿಗುವುದಿಲ್ಲ.

ಪೈ ಬೆಲೆಗೆ ಹಳೆಯ ಕೋಡ್ ಮ್ಯಾತ್ ಹೆಡರಿನ ಎಂ-ಪೈ ಬಳಸಿತ್ತು. ‘-ಎಸ್‌ಟಿಡಿ=ಸಿ99’ ಎಂದು ಕಟ್ಟುನಿಟ್ಟು ಮಾಡಿದರೆ ಅದು ಮಾಯ, ಏಕೆಂದರೆ ಅದು ಸಿ ಸ್ಟ್ಯಾಂಡರ್ಡ್‌ನದಲ್ಲ. ‘-ಎಸ್‌ಟಿಡಿ=ಗ್ನು99’ ಅಥವಾ ‘ಗ್ನು11’ ಎಂದರೆ ಸಿಗುತ್ತದೆ. ಇಂಥ ಹೊತ್ತಿನಲ್ಲಿ ಹುಡುಗರು ಮಾಡುವ ಚಾಲಾಕಿ ಎಂದರೆ ಅಲ್ಲಿ 22/7 ಬರೆಯುವುದು. ಸಿಯಲ್ಲಿ ಎರಡು ಇಂಟ್‌ಗಳ ಭಾಗಾಕಾರ ಇಂಟ್, ಅಂದರೆ ಬರೀ 3. 100 ಮಿ.ಮೀ. ವ್ಯಾಸ, 200 ಮಿ.ಮೀ. ಎತ್ತರದ ಬೀಡುಕಬ್ಬಿಣದ ದುಂಡು ತುಂಡು, ಸಾಂದ್ರತೆ 7.2 ಹಿಡಿದರೆ 11.31 ಕೆ.ಜಿ. ಬರಬೇಕು. 22/7 ಬರೆದವನಿಗೆ 10.8 ಬರುತ್ತದೆ. ಅರ್ಧ ಕಿಲೋ ಕಡಿಮೆ ಲೋಹ ಸುರಿದರೆ ಅಚ್ಚು ತುಂಬುವುದಿಲ್ಲ. ‘-ವಾಲ್’, ‘-ಡಬ್ಲ್ಯೂಎಕ್ಸ್‌ಟ್ರಾ’ ಎರಡನ್ನೂ ಕೊಟ್ಟರೂ ಇದಕ್ಕೆ ಚಕಾರವಿಲ್ಲ.

ಗಣಿತದ ಲೈಬ್ರರಿಗೆ ‘-ಎಲ್‌ಎಂ’ ಬೇಕು, ಅದೂ ಆಬ್ಜೆಕ್ಟ್ ಫೈಲ್‌ಗಳ ನಂತರ: ‘ಜಿಸಿಸಿ -ಓ ತೂಕ ಮೇನ್.ಓ ತೂಕ.ಓ ಕಡತ.ಓ -ಎಲ್‌ಎಂ’. ಲಿಂಕರ್ ಎಡದಿಂದ ಬಲಕ್ಕೆ ಓದುತ್ತದೆ. ಉಬುಂಟು ಲಿನಕ್ಸಿನಲ್ಲಿ ಲೈಬ್ರರಿಯನ್ನು ಮೊದಲೇ ಇಟ್ಟರೆ ಆ ಹೊತ್ತಿಗೆ ಅದನ್ನು ಬೇಡುವವರು ಯಾರೂ ಇರುವುದಿಲ್ಲ, ಲಿಂಕರ್ ಪಕ್ಕಕ್ಕಿಡುತ್ತದೆ. "ನಿನ್ನೆ ‘-ಎಲ್‌ಎಂ’ ಇಲ್ಲದೆಯೇ ನಡೀತಲ್ರಿ" ಎನ್ನುವವರ ಕೋಡಿನಲ್ಲಿ ವರ್ಗಮೂಲ ತೆಗೆದ ಸಂಖ್ಯೆ ಕೋಡಿನಲ್ಲೇ ಬರೆದಿರುವಂಥದ್ದು. ಅದನ್ನು ಕಂಪೈಲರೇ ಲೆಕ್ಕ ಹಾಕಿ ಮುಗಿಸಿರುತ್ತದೆ. ಸಂಖ್ಯೆ ಕೀಬೋರ್ಡಿನಿಂದ ಬಂತೆಂದರೆ ಲೈಬ್ರರಿ ಬೇಕೇಬೇಕು.

ಇಷ್ಟಾದ ಮೇಲೆ ಪ್ರೋಗ್ರಾಮ್ ಒಂದೂ ವಾರ್ನಿಂಗ್ ಇಲ್ಲದೆ ಕಟ್ಟಿಕೊಂಡಿತು. ಡೇಟಾ ಫೈಲ್ ತೆರೆದರೆ ಪರದೆಯ ತುಂಬ ಕಸ. ಪ್ಯಾಟರ್ನ್ ಸಂಖ್ಯೆ ಕೋಟಿಗಟ್ಟಲೆ, ಹೆಸರುಗಳ ಮೊದಲ ಎರಡಕ್ಷರ ನಾಪತ್ತೆ.

ಒಂದೊಂದು ದಾಖಲೆಯೂ ಒಂದು ಸ್ಟ್ರಕ್ಟ್ (ಹಲವು ಸದಸ್ಯರನ್ನು ಒಟ್ಟಿಗಿಡುವ ರಚನೆ): ಒಂದು ಇಂಟ್, ಒಂದು ಫ್ಲೋಟ್ (ದಶಮಾಂಶ ಸಂಖ್ಯೆ), 20 ಅಕ್ಷರದ ಹೆಸರು. ಟರ್ಬೊ ಸಿಯಲ್ಲಿ ಇಂಟ್ 2 ಬೈಟ್, ಸದಸ್ಯರ ನಡುವೆ ಜಾಗ ಬಿಡುವ ಪದ್ಧತಿ ತಾನಾಗಿ ಇಲ್ಲ. 2, 4, 20 ಕೂಡಿದರೆ 26. ಇಂದಿನ ಜಿಸಿಸಿಯಲ್ಲಿ ಇಂಟ್ 4 ಬೈಟ್, ಒಟ್ಟು 28. ಸರಿ, ಇಂಟ್ ತೆಗೆದು 16 ಬಿಟ್ಟಿನ ಇಂಟ್ ಹಾಕೋಣ ಎಂದರೆ ಮತ್ತೆ 28! ಫ್ಲೋಟ್ ನಾಲ್ಕರ ಮಗ್ಗಿಯ ಜಾಗದಲ್ಲೇ ಕೂರಬೇಕೆಂದು ಕಂಪೈಲರ್ ನಡುವೆ ಎರಡು ಬೈಟ್ ಖಾಲಿ ಬಿಡುತ್ತದೆ. ಈಗ ಮೊದಲ ದಾಖಲೆಯ ಸಂಖ್ಯೆ ಸರಿ ಕಾಣುತ್ತದೆ, ತೂಕ ಮಾತ್ರ ಕೆಟ್ಟಿರುತ್ತದೆ. ಅರ್ಧ ಸರಿಯಾದದ್ದು ಪೂರ್ತಿ ಕೆಟ್ಟದ್ದಕ್ಕಿಂತ ಹೆಚ್ಚು ದಾರಿ ತಪ್ಪಿಸುತ್ತದೆ. ಕೋಡ್ ಮುಟ್ಟುವ ಮೊದಲು ಡೇಟಾ ಫೈಲಿನ ಗಾತ್ರ ನೋಡುವುದೇ ಜಾಣತನ. ಉದಾಹರಣೆಗೆ 5,200 ಬೈಟ್ ಇದ್ದರೆ 26ರಿಂದ ಶೇಷವಿಲ್ಲದೆ ಭಾಗವಾಗುತ್ತದೆ, 28ರಿಂದ ಆಗುವುದಿಲ್ಲ.

16 ಬಿಟ್ಟಿನ ಇಂಟ್ ಜೊತೆಗೆ ಆ ಸ್ಟ್ರಕ್ಟಿಗೆ ಮಾತ್ರ, ನಡುವೆ ಖಾಲಿ ಬಿಡದಂತೆ ಹೇಳುವ ಪ್ಯಾಕ್ಡ್ ಆಟ್ರಿಬ್ಯೂಟ್ ಹಾಕಿದರೆ 26 ಬರುತ್ತದೆ. ‘-ಎಫ್‌ಪ್ಯಾಕ್-ಸ್ಟ್ರಕ್ಟ್’ ಎಂಬ ಆಪ್ಶನ್ ಕೂಡ ಇದೆ, ಕೋಡ್ ಮುಟ್ಟದೆ ಕೆಲಸ ಆದೀತು ಎಂದು ಆಸೆ ಹುಟ್ಟಿಸುತ್ತದೆ. ಹಾಕಬಾರದು. ಅದು ಸಿಸ್ಟಮ್ ಹೆಡರುಗಳ ಸ್ಟ್ರಕ್ಟುಗಳನ್ನೂ ಒತ್ತಿಬಿಡುತ್ತದೆ, ಈಗಾಗಲೇ ಕಂಪೈಲ್ ಆಗಿರುವ ಲೈಬ್ರರಿಗಳಿಗೆ ಹೊಂದುವುದಿಲ್ಲ. ಸ್ಟ್ರಕ್ಟಿನ ಕೆಳಗೆ ಸ್ಟ್ಯಾಟಿಕ್ ಅಸರ್ಟ್‌ನ ಒಂದು ಸಾಲು ಬರೆದು, ಗಾತ್ರ 26 ಇಲ್ಲದಿದ್ದರೆ ಕಂಪೈಲೇ ಆಗದಂತೆ ಮಾಡಿದೆವು.

ಸ್ಟ್ರಕ್ಟ್ ಇರುವುದು ಹೆಡರಿನಲ್ಲಿ. ಹೆಡರ್ ಬದಲಿಸಿ ಒಂದೇ ಸಿ ಫೈಲನ್ನು ಮರುಕಂಪೈಲ್ ಮಾಡಿದರೆ ಒಂದು ಆಬ್ಜೆಕ್ಟಿನ ಪಾಲಿಗೆ ದಾಖಲೆ 26 ಬೈಟ್, ಇನ್ನೊಂದರ ಪಾಲಿಗೆ 28. ಲಿಂಕರ್ ಇದನ್ನು ನೋಡುವುದೇ ಇಲ್ಲ, ಸುಮ್ಮನೆ ಜೋಡಿಸಿ ಕೊಡುತ್ತದೆ. ಮೇಕ್‌ಫೈಲ್ (ಯಾವುದನ್ನು ಯಾವಾಗ ಮರುಕಟ್ಟಬೇಕೆಂದು ಹೇಳುವ ಫೈಲ್) ಬರೆಯುವಾಗ ‘-ಎಂಎಂಡಿ’ ಕೊಟ್ಟರೆ ಯಾವ ಸಿ ಫೈಲ್ ಯಾವ ಹೆಡರನ್ನು ನಂಬಿದೆ ಎಂದು ಜಿಸಿಸಿಯೇ ‘.ಡಿ’ ಫೈಲುಗಳಲ್ಲಿ ಬರೆದಿಡುತ್ತದೆ. ಮೇಕ್‌ಫೈಲಿನೊಳಗೆ ಅವನ್ನು ಇನ್‌ಕ್ಲೂಡ್ ಮಾಡಬೇಕು. ಆಜ್ಞೆಯ ಸಾಲಿನ ಆರಂಭದಲ್ಲಿ ಟ್ಯಾಬ್ ಇರಲಿ. ಸ್ಪೇಸ್ ಇದ್ದರೆ "ಮಿಸ್ಸಿಂಗ್ ಸೆಪರೇಟರ್" ಎಂದು ನಿಂತುಬಿಡುತ್ತದೆ.

ಹೆಸರಿನ 20 ಅಕ್ಷರದಲ್ಲಿ ಕೊನೆಯ ಸೊನ್ನೆಗೂ ಜಾಗ ಬೇಕಾದ್ದರಿಂದ ಬಳಕೆಗೆ 19. ಉದ್ದ ಹೆಸರು ಕೊಟ್ಟು, ಮೆಮೊರಿಯ ತಪ್ಪು ಹಿಡಿಯುವ ‘-ಜಿ -ಎಫ್‌ಸ್ಯಾನಿಟೈಜ್=ಅಡ್ರೆಸ್’ ಹಾಕಿ ಓಡಿಸಿದರೆ ಎಲ್ಲಿ ಉಕ್ಕಿತು ಎಂಬುದು ಸಾಲು ಸಂಖ್ಯೆಯ ಸಮೇತ ಸಿಗುತ್ತದೆ. ಪರೀಕ್ಷೆ ಮುಗಿದ ಮೇಲೆ ಅದನ್ನು ತೆಗೆಯಿರಿ. ಪ್ರೋಗ್ರಾಮ್ ನಿಧಾನವಾಗುತ್ತದೆ, ಮೇಲಾಗಿ ಲೈಬ್ರರಿಗಳನ್ನು ಪ್ರೋಗ್ರಾಮಿನೊಳಗೇ ಸೇರಿಸುವ ‘-ಸ್ಟ್ಯಾಟಿಕ್’ ಜೊತೆ ಅದನ್ನು ಜಿಸಿಸಿ ಒಪ್ಪುವುದಿಲ್ಲ.

‘-ಸ್ಟ್ಯಾಟಿಕ್’ ಬೇಕಾದದ್ದು ಯಾಕೆಂದರೆ, ಕಟ್ಟಿದ ಲ್ಯಾಪ್‌ಟಾಪಿನಲ್ಲಿ ಉಬುಂಟು 22.04, ಫೌಂಡ್ರಿಯ ಕಂಪ್ಯೂಟರಿನಲ್ಲಿ 20.04. ಹೊಸದರಲ್ಲಿ ಕಟ್ಟಿದ್ದು ಹಳೆಯದರಲ್ಲಿ "ಜಿಲಿಬ್‌ಸಿ 2.34 ಸಿಗಲಿಲ್ಲ" ಎಂದು ಏಳಲೇ ಇಲ್ಲ. ಜಿಲಿಬ್‌ಸಿ ಎಂದರೆ ಲಿನಕ್ಸಿನ ಮೂಲ ಸಿ ಲೈಬ್ರರಿ, 20.04ರಲ್ಲಿರುವುದು ಅದರ 2.31. ಹಳೆಯ ಯಂತ್ರದಲ್ಲೇ ಕಟ್ಟುವುದು ಶುದ್ಧ ದಾರಿ, ಆದರೆ ಅಲ್ಲಿ ಜಿಸಿಸಿಯೂ ಇರಲಿಲ್ಲ, ಇಂಟರ್ನೆಟ್ಟೂ ಇರಲಿಲ್ಲ. ‘-ಒ2 -ಸ್ಟ್ಯಾಟಿಕ್’ ಎಂದು (ದೊಡ್ಡ ಒ, ವೇಗಕ್ಕಾಗಿ) ಕಟ್ಟಿದರೆ ಇಂಥ ಸಣ್ಣ ಪ್ರೋಗ್ರಾಮ್ ಹತ್ತಾರು ಕಿಲೋಬೈಟಿನಿಂದ ಒಂದು ಮೆಗಾಬೈಟಿನ ಆಸುಪಾಸಿಗೆ ಊದಿಕೊಳ್ಳುತ್ತದೆ. ಊದಿಕೊಳ್ಳಲಿ, ಯಾರ ಹಂಗೂ ಇಲ್ಲದೆ ಓಡುತ್ತದಲ್ಲ.

ಪೆನ್‌ಡ್ರೈವಿನಲ್ಲಿ ಒಯ್ದರೆ "ಪರ್ಮಿಶನ್ ಡಿನೈಡ್" ಬರಬಹುದು. ಓಡಿಸುವ ಅನುಮತಿಯ ಗುರುತು ಫ್ಯಾಟ್ ಫೈಲ್ ಸಿಸ್ಟಮಿನಲ್ಲಿ ಉಳಿಯುವುದಿಲ್ಲ. ಹಾರ್ಡ್‌ಡಿಸ್ಕಿಗೆ ನಕಲು ಮಾಡಿಕೊಂಡು ‘ಸಿಎಚ್‌ಮೋಡ್ +ಎಕ್ಸ್ ತೂಕ’ ಎಂದು ಕೊಟ್ಟು, ಹಳೆಯ ಡೇಟಾ ಫೈಲಿನ ಒಂದು ಪ್ರತಿ ಬೇರೆ ಕಡೆ ತೆಗೆದಿಟ್ಟು ಆಮೇಲೆ ಓಡಿಸಬೇಕು.