ಕೀನ್ಯಾಕ್ಕೆ ಹೊರಟ ಲಕೋಟೆ

3 ಆಗಸ್ಟ್ 2025, ಭಾನುವಾರ

ಅಂತೂ ನಿನ್ನೆ ಮಧ್ಯಾಹ್ನ ನಮ್ಮೂರ ಗ್ರಂಥಾಲಯದಲ್ಲಿ ಮಕ್ಕಳ ಪತ್ರಮೈತ್ರಿ ಕೂಟ ಶುರುವಾಯಿತು. ಕೊಡಗಿನ ಕಕ್ಕಡ ತಿಂಗಳ ಮಳೆ ಹಂಚಿನ ಮೇಲೆ ಜಡಿಯುತ್ತಿತ್ತು, ಗಂಟಲು ಹರಿದುಕೊಂಡೇ ಮಾತಾಡಬೇಕಾಯಿತು.

ಅರ್ಧ ಮಕ್ಕಳಿಗೆ ಜಪಾನ್ ಬೇಕು, ಉಳಿದವರಿಗೆ ಅಮೆರಿಕ. ನಾನು ಪಟ್ಟು ಹಿಡಿದು ಕೀನ್ಯಾದ ನ್ಯೇರಿ ಕಡೆಯ ಶಾಲೆಯೊಂದನ್ನು ಗೊತ್ತು ಮಾಡಿದ್ದೆ. ಕೀನ್ಯಾ ಪರ್ವತದ ತಪ್ಪಲಿನ ಅರೇಬಿಕಾ ಕಾಫಿಯ ಸೀಮೆ ಅದು. ಕಾಫಿ ಕುಯ್ಲೆಂದರೇನು ಎಂದು ಅಲ್ಲಿಯ ಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ. ಆದರೆ ಅಲ್ಲಿ ಹೆಚ್ಚಿನ ತೋಟಗಳಿಗೆ ನೆರಳಿನ ಮರಗಳೇ ಇಲ್ಲ ಎಂದದ್ದನ್ನು ಒಬ್ಬ ಹುಡುಗ ನಂಬಲೇ ಇಲ್ಲ. "ಹಾಗಾದರೆ ಮೆಣಸಿನ ಬಳ್ಳಿಯನ್ನು ಯಾವುದಕ್ಕೆ ಹಬ್ಬಿಸುತ್ತಾರೆ ಅಕ್ಕ?" ಅವನ ಪತ್ರ ಈ ಪ್ರಶ್ನೆಯಿಂದಲೇ ಶುರುವಾಗಿದೆ.

ವಿಳಾಸದಲ್ಲಿ ಬೀದಿಯಿಲ್ಲ, ಮನೆ ಸಂಖ್ಯೆಯಿಲ್ಲ, ಬರೀ ಅಂಚೆ ಪೆಟ್ಟಿಗೆ ಸಂಖ್ಯೆ. ಅಲ್ಲಿ ಕಾಗದ ಮನೆಬಾಗಿಲಿಗೆ ಬರುವುದಿಲ್ಲ, ಪೆಟ್ಟಿಗೆಗೆ ಹೋಗಿ ತರಬೇಕು. ಇಲ್ಲಿ ಕೊಡೆ ಹಿಡಿದು ಏರು ಹತ್ತಿ ಬರುವ ಪೋಸ್ಟ್‌ಮ್ಯಾನ್ ಅಣ್ಣನನ್ನು ಕಂಡ ಮಕ್ಕಳಿಗೆ ಇದು ಅನ್ಯಾಯವೆನಿಸಿತು. ನಮ್ಮ ಸ್ಟಾಂಪು ಅಲ್ಲಿ ನಡೆಯುತ್ತದೆಯೇ ಎಂಬ ಅನುಮಾನ ಬೇರೆ. ಒಂದು ದೇಶದ ಸ್ಟಾಂಪು ಹಚ್ಚಿದ ಕಾಗದವನ್ನು ಇನ್ನೊಂದು ದೇಶ ಮುಟ್ಟಿಸಬೇಕೆಂದು 1874ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ದೇಶಗಳು ಕೂಡಿ ಮಾಡಿಕೊಂಡ ಅಂಚೆ ಒಪ್ಪಂದದ ಕಥೆ ಹೇಳಿದೆ. ಭಾರತ 1876ರಲ್ಲೇ ಅದಕ್ಕೆ ಸೇರಿತು.

ಕಟ್ಟುಪಾಡು ಬಿಗಿಯಾಗಿಯೇ ಇಟ್ಟಿದ್ದೇನೆ. ಪತ್ರದಲ್ಲಿ ಮನೆ ವಿಳಾಸ, ಫೋನ್ ನಂಬರ್ ಕೂಡದು. ಉತ್ತರ ಬರುವುದು ಗ್ರಂಥಾಲಯಕ್ಕೆ. ನೋಟು, ನಾಣ್ಯ ಇಡುವಂತಿಲ್ಲ. ಬೀಜವಂತೂ ಬೇಡವೇ ಬೇಡ. ಏಳನೆಯ ತರಗತಿಯ ಹುಡುಗಿ ಕಾಫಿಬೀಜ, ಕರಿಮೆಣಸನ್ನು ಪೊಟ್ಟಣ ಕಟ್ಟಿ ತಂದಿದ್ದಳು. ಬೀಜದ ಜೊತೆ ಕೀಟವೂ ಗಡಿ ದಾಟುತ್ತದೆ, ನಮ್ಮ ತೋಟಗಳನ್ನು ಕಾಡುವ, ಕಾಫಿ ಹಣ್ಣು ಕೊರೆಯುವ ಹುಳು ಬೆರ್ರಿ ಬೋರರ್ ಆಫ್ರಿಕಾ ಮೂಲದ್ದೇ, ಭಾರತದಲ್ಲಿ ಕಂಡದ್ದು 1990ರಲ್ಲಿ ಎಂದೆ. ಮುಖ ಊದಿಸಿಕೊಂಡು ಕೂತವಳು ಆಮೇಲೆ ಅದೇ ಹುಳುವಿನ ಚಿತ್ರ ಬರೆದಳು, ಮೀಸೆ ಸಮೇತ.

ಮಳೆಗಾಲದ ಕಾಟ ಇದ್ದದ್ದೇ. ಲಕೋಟೆಗಳೆಲ್ಲ ಥಂಡಿಗೆ ತಾವಾಗಿಯೇ ಅಂಟಿ ಕೂತಿದ್ದವು. ಇಸ್ತ್ರಿ ಪೆಟ್ಟಿಗೆಯ ಬಿಸಿ ತಾಗಿಸಿ ಒಂದೊಂದನ್ನೇ ಬಿಡಿಸಿದೆವು. ಇಂಕು ಪೆನ್ನು ನಿಷಿದ್ಧ, ಹನಿ ಬಿದ್ದರೆ ಅಕ್ಷರ ಹರಿದು ಹೋಗುತ್ತದೆ.

ನಿಜವಾದ ಜಗಳ ಕೊನೆಗೆ. ಇಂದು ಕಕ್ಕಡ ಹದಿನೆಂಟು, ಅಂದರೆ ಆ ತಿಂಗಳ ಹದಿನೆಂಟನೆಯ ದಿನ, ಮನೆಮನೆಯಲ್ಲೂ ಮದ್ದುಸೊಪ್ಪಿನ ಪಾಯಸ. ಆ ನೇರಳೆ ಬಣ್ಣ, ಆ ಘಮ ಎಲ್ಲವನ್ನೂ ಬರೆದು ಒಬ್ಬ ಹುಡುಗ, "ಮರುದಿನ ಮೂತ್ರ ಕೆಂಪಾಗುತ್ತದೆ, ಹೆದರಬಾರದು" ಎಂದೂ ಸೇರಿಸಿದ್ದ. ಜೊತೆಗಿದ್ದ ಮೇಷ್ಟ್ರು, "ಪರದೇಶದವರ ಮುಂದೆ ಮರ್ಯಾದೆ ಹೋಗುತ್ತದೆ, ಹೊಡೆದು ಹಾಕಿಸಿ" ಎಂದರು. ಅಷ್ಟೂ ಪತ್ರಗಳಲ್ಲಿ ಅಲ್ಲಿಯ ಮಕ್ಕಳು ಎರಡು ಸಲ ಓದುವ ಸಾಲು ಅದೊಂದೇ! ನಾನು ಒಪ್ಪಲಿಲ್ಲ. ಲಕೋಟೆ ಅಂಟಿಸಿಯಾಗಿದೆ, ನಾಳೆ ಬೆಳಿಗ್ಗೆ ಅಂಚೆಗೆ.