ಗೋಂದು, ಕತ್ತರಿ, ಜೆರಾಕ್ಸ್: ಲಂಡನ್ನಿನ ಪಂಕ್ ಪತ್ರಿಕೆಗಳ ಜಾಡಿನಲ್ಲಿ

ಲಂಡನ್ ಬ್ರಿಜ್ ನಿಲ್ದಾಣದಲ್ಲಿ ರೈಲು ಹತ್ತಿದರೆ ಡೆಪ್ಟ್‌ಫರ್ಡ್ ಆರೇಳು ನಿಮಿಷದ ದಾರಿ. 1836ರಲ್ಲಿ ತೆರೆದ ನಿಲ್ದಾಣ, ಕೆಳಗಿಳಿದರೆ ನೇರ ಹೈ ಸ್ಟ್ರೀಟ್. ಬುಧವಾರ, ಶುಕ್ರವಾರ, ಶನಿವಾರ ಸಂತೆ. ಹೋಗುವುದಾದರೆ ಆ ದಿನಗಳಲ್ಲೇ ಹೋಗಿ, ಮೀನು ತರಕಾರಿಯ ನಡುವೆ ಹಳೇ ಸಾಮಾನಿನ ರಾಶಿಯನ್ನಾದರೂ ಕೆದಕಬಹುದು. ಎಪ್ಪತ್ತರ ದಶಕದ ಪಂಕ್ ಎಂಬ ಬಂಡಾಯದ ರಾಕ್ ಸಂಗೀತದ ಜಾಡು ಹುಡುಕಿಕೊಂಡು ಬಂದವರಿಗೆ ಬೇರೆ ವಿಶೇಷ ಕಾಣುವುದಿಲ್ಲ. ಆದರೂ ಈ ಪ್ರವಾಸ ಶುರುವಾಗಬೇಕಾದ್ದು ಇಲ್ಲಿಂದಲೇ. 1976ರ ಜುಲೈನಲ್ಲಿ ಇದೇ ಪೇಟೆಯ ಮಾರ್ಕ್ ಪೆರಿ ಎಂಬ ಹತ್ತೊಂಬತ್ತರ ಬ್ಯಾಂಕ್ ಗುಮಾಸ್ತ ‘ಸ್ನಿಫಿನ್ ಗ್ಲೂ’ ಎಂಬ ಪಂಕ್ ಪತ್ರಿಕೆ ಹೊರತಂದ. ಹೆಸರು ಅಮೆರಿಕದ ಪಂಕ್ ತಂಡ ರಾಮೋನ್ಸ್‌ನ ಹಾಡೊಂದರಿಂದ ಎತ್ತಿದ್ದು. ಒಳಗಿನ ಬರಹಕ್ಕೆ ಮಕ್ಕಳ ಟೈಪ್‌ರೈಟರ್, ತಲೆಬರಹಕ್ಕೆ ಸ್ಕೆಚ್ ಪೆನ್, ಪ್ರತಿ ತೆಗೆಯಲು ಗೆಳತಿಯ ಕಚೇರಿಯ ಜೆರಾಕ್ಸ್ ಯಂತ್ರ. ಮೊದಲ ಸಂಚಿಕೆ ಐವತ್ತು ಪ್ರತಿ. ಮರುವರ್ಷ ಹನ್ನೆರಡನೇ ಸಂಚಿಕೆಗೆ ಅವನೇ ನಿಲ್ಲಿಸಿದಾಗ ಪ್ರಸಾರ ಹತ್ತು ಸಾವಿರ ದಾಟಿತ್ತು.

ಅಭಿಮಾನಿಗಳೇ ಮಾಡಿಕೊಳ್ಳುವ ಪತ್ರಿಕೆಗೆ ಫ್ಯಾನ್‌ಜೀನ್ ಎಂಬ ಹೆಸರು ಪಂಕ್‌ಗಿಂತ ಹಳೆಯದು. 1940ರಲ್ಲಿ ಅಮೆರಿಕದ ವಿಜ್ಞಾನ ಕಥೆಗಳ ಅಭಿಮಾನಿಗಳ ನಡುವೆ ಹುಟ್ಟಿದ್ದು. ನಮ್ಮ ಹಾಸ್ಟೆಲ್ಲುಗಳ ಕೈಬರಹದ ಪತ್ರಿಕೆ ಕಂಡವರಿಗೆ ಇದರ ಗುಣ ವಿವರಿಸಬೇಕಿಲ್ಲ. ಪಂಕ್ ಇದಕ್ಕೆ ಕೊಟ್ಟದ್ದು ಒಂದು ಚಹರೆ: ಓರೆಯಾಗಿ ಅಂಟಿಸಿದ ಪಟ್ಟಿಗಳು, ಮಸಿ ಬಳಿದಂತಹ ಫೋಟೊ, ಪತ್ರಿಕೆಗಳಿಂದ ಕತ್ತರಿಸಿದ ಬೇರೆಬೇರೆ ಅಳತೆಯ ಅಕ್ಷರ. ಇದನ್ನೆಲ್ಲ ಬಂಡಾಯದ ಶೈಲಿ ಎಂದು ಬರೆದವರು ಬಹಳ. ನಾಲ್ಕು ದಿನ ಈ ಹಾದಿಯಲ್ಲಿ ತಿರುಗಿ, ಮೂಲ ಪ್ರತಿಗಳನ್ನು ಕೈಯಲ್ಲಿ ಹಿಡಿದು ನೋಡಿದರೆ, ಅರ್ಧಕ್ಕೂ ಹೆಚ್ಚು ಯಂತ್ರ ಮಾಡಿಸಿದ ಕೆಲಸ ಎಂದು ಗೊತ್ತಾಗುತ್ತದೆ.

ಮೂಲ ಪ್ರತಿ ನೋಡಲು ಸೇಂಟ್ ಪ್ಯಾಂಕ್ರಸ್ ಪಕ್ಕದ ಬ್ರಿಟಿಷ್ ಲೈಬ್ರರಿಗೆ ಹೋಗಬೇಕು. ರೀಡರ್ ಪಾಸಿಗೆ ದುಡ್ಡಿಲ್ಲ. ಸಹಿ ಇರುವ ಗುರುತಿನ ಚೀಟಿ ಮತ್ತು ಮನೆ ವಿಳಾಸದ ಪುರಾವೆ, ಎರಡೂ ಬೇಕು. ನಮ್ಮ ಕಡೆಯಿಂದ ಹೋದವರು ಪಾಸ್‌ಪೋರ್ಟೊಂದನ್ನೇ ಹಿಡಿದು ಹೋಗಿ ಎಡವುವುದು ಈ ಎರಡನೆಯದರಲ್ಲಿ. ಓದುವ ಕೋಣೆಗೆ ಪೆನ್ ಬಿಡುವುದಿಲ್ಲ, ಪೆನ್ಸಿಲ್ ಮಾತ್ರ. ಬೇಕಾದ್ದನ್ನು ಮೊದಲೇ ಕೇಳಿಡಿ, ಕೇಳಿದ ತಕ್ಷಣ ಕೈಗೆ ಸಿಗುವಂಥದ್ದಲ್ಲ. ಕಾನೂನಿನ ಪ್ರಕಾರ ಬ್ರಿಟನ್ನಿನಲ್ಲಿ ಪ್ರಕಟಿಸುವ ಪ್ರತಿಯೊಂದರ ಒಂದು ಪ್ರತಿ ತಿಂಗಳೊಳಗೆ ಈ ಗ್ರಂಥಾಲಯಕ್ಕೆ ಸೇರಬೇಕು. ಅಡುಗೆಮನೆಯ ಮೇಜಿನ ಮೇಲೆ ಪತ್ರಿಕೆ ಮಾಡುತ್ತಿದ್ದ ಹುಡುಗರು ಅದನ್ನೆಲ್ಲಿ ಪಾಲಿಸಿಯಾರು? ಹಾಗಾಗಿ ಸಂಗ್ರಹದಲ್ಲಿ ಸಂಚಿಕೆಗಳ ನಡುವೆ ಕಂಡಿಗಳಿವೆ.

ಆ ಕಾಲದ ಪುಟವೊಂದನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ದಪ್ಪನೆಯ ಕಪ್ಪು ಭಾಗಗಳ ಅಂಚು ಗಾಢ, ನಡುವೆ ಮಾತ್ರ ಬೂದು, ಕೆಲವು ಕಡೆ ಪೂರ್ತಿ ಬಿಳಿ. ಹಳೆಯ ಜೆರಾಕ್ಸ್ ಯಂತ್ರಗಳ ದೋಷವದು. ಅವುಗಳಲ್ಲಿ ವಿದ್ಯುತ್ ಸೆಳೆತ ಕಪ್ಪು-ಬಿಳಿ ಕೂಡುವ ಗಡಿಯಲ್ಲೇ ಜೋರು; ಗೆರೆಗೂ ಅಕ್ಷರಕ್ಕೂ ಮಸಿಪುಡಿ ಚೆನ್ನಾಗಿ ಅಂಟುತ್ತಿತ್ತು, ಅಗಲವಾದ ಕಪ್ಪಿನ ಹೊಟ್ಟೆಗೆ ಅಂಟುತ್ತಿರಲಿಲ್ಲ. ಅದಕ್ಕೇ ತುಂಬಿದ ಕಪ್ಪಿನ ಬದಲು ಒತ್ತೊತ್ತಾದ ಗೀಚು ಗೆರೆ ಎಳೆಯುವುದು ರೂಢಿಯಾಯಿತು. ಫೋಟೊದ ಪಾಡೂ ಅದೇ. ನಡುವಣ ಬೂದು ಛಾಯೆಗಳನ್ನು ಯಂತ್ರ ಒಂದೋ ಕಪ್ಪಿಗೆ ಇಲ್ಲವೇ ಬಿಳಿಗೆ ತಳ್ಳಿಬಿಡುತ್ತದೆ. ಗಾಯಕನ ಮುಖದಲ್ಲಿ ಕಣ್ಣು ಮೂಗಿನ ಹೊಳ್ಳೆ ಬಿಟ್ಟು ಉಳಿದದ್ದು ಮಾಯ. ಪ್ರತಿಯ ಪ್ರತಿಯನ್ನು ತೆಗೆದಂತೆ ಇದು ಇನ್ನೂ ಕೆಡುತ್ತದೆ. ಪರಿಹಾರ ಸುಲಭ: ದಿನಪತ್ರಿಕೆಯಲ್ಲಿ ಅಚ್ಚಾದ ಫೋಟೊ ಕತ್ತರಿಸಿ ಅಂಟಿಸುವುದು. ಅದು ಮೊದಲೇ ಚುಕ್ಕಿಗಳಾಗಿ ಒಡೆದಿರುತ್ತದೆ, ಪ್ರತಿ ಚುಕ್ಕಿಯೂ ಪೂರಾ ಕಪ್ಪು, ಆದ್ದರಿಂದ ಯಂತ್ರಕ್ಕೆ ಗೊಂದಲವಿಲ್ಲ. ಕದ್ದ ಚಿತ್ರಗಳ ಕೊಲಾಜ್ ಹೆಚ್ಚಲು ಇದೂ ಒಂದು ಕಾರಣ, ಬರೀ ತುಂಟತನವಲ್ಲ.

ಪಟ್ಟಿಗಳ ಸುತ್ತ ಕಾಣುವ ತೆಳು ಬೂದುಗೆರೆ ಅಂಟಿಸಿದ ಕಾಗದದ ದಪ್ಪದ ನೆರಳು. ಇದನ್ನು ತೆಗೆಯುವ ಕ್ರಮ ಇಂದಿಗೂ ಬದಲಾಗಿಲ್ಲ: ಮೊದಲು ಒಂದು ಪ್ರತಿ ತೆಗೆದು, ಆ ಪ್ರತಿಯ ಮೇಲಿನ ಗೆರೆಗಳಿಗೆ ವೈಟ್ನರ್ ಹಚ್ಚಿ, ಪೂರ್ತಿ ಒಣಗಿದ ಮೇಲೆ ಅದನ್ನೇ ಮೂಲವಾಗಿಟ್ಟು ಉಳಿದವನ್ನು ತೆಗೆಯುವುದು. ಒಣಗುವ ಮೊದಲೇ ಇಟ್ಟರೆ ಗಾಜಿಗೆ ಬಿಳಿ ಕಲೆ ಮೆತ್ತಿ ಮುಂದಿನ ಎಲ್ಲ ಪ್ರತಿಗಳಲ್ಲೂ ಅದೇ ಜಾಗ ಕೆಡುತ್ತದೆ. ಅಂಗಡಿಯವನು ಬೈಯುವುದು ಬೇರೆ. ಅಂಟಿಗೆ ಲಂಡನ್ನಿನವರು ಬಳಸುತ್ತಿದ್ದದ್ದು ಕೌ ಗಮ್ ಎಂಬ ಡಬ್ಬಿಯ ರಬ್ಬರ್ ಅಂಟು. ಎರಡೂ ಕಡೆ ತೆಳುವಾಗಿ ಹಚ್ಚಿ ಒಣಗಿಸಿ ಕೂಡಿಸಿದರೆ ಭದ್ರ. ಒಂದೇ ಕಡೆ ಹಚ್ಚಿ ಹಸಿಯಾಗಿ ಇಟ್ಟರೆ ಸರಿಸಬಹುದು, ಕೀಳಬಹುದು. ಹೆಚ್ಚಾದದ್ದನ್ನು ಬೆರಳಲ್ಲಿ ಉಜ್ಜಿದರೆ ಉಂಡೆಯಾಗಿ ಬರುತ್ತದೆ. ನೀರಿನ ಗೋಂದು ಇಲ್ಲಿ ನಡೆಯುವುದಿಲ್ಲ, ಕಾಗದ ಸುಕ್ಕಾಗಿ ಆ ಸುಕ್ಕೂ ನೆರಳಾಗಿ ಬೀಳುತ್ತದೆ. ಅಳತೆಯ ಗೆರೆಗೆ ತಿಳಿನೀಲಿ ಪೆನ್ಸಿಲ್: ಹಳೆಯ ಯಂತ್ರಗಳಿಗೂ ಪ್ಲೇಟಿನಿಂದ ಅಚ್ಚು ಹಾಕುವ ಆಫ್‌ಸೆಟ್ ಮುದ್ರಣದ ಫಿಲ್ಮಿಗೂ ಅದು ಕಾಣಿಸುತ್ತಿರಲಿಲ್ಲ, ಈಗಿನ ಡಿಜಿಟಲ್ ಯಂತ್ರಕ್ಕೆ ಕಾಣಿಸುತ್ತದೆ.

ದೊಡ್ಡ ಅಕ್ಷರಕ್ಕೆ ಲೆಟ್ರಸೆಟ್ ಹಾಳೆ ಕೊಳ್ಳುವುದಿತ್ತು. ಹಾಳೆಯ ಮೇಲೆ ಉಜ್ಜಿದರೆ ಅಕ್ಷರ ಕಾಗದಕ್ಕೆ ಇಳಿಯುತ್ತದೆ. ಇಂಗ್ಲಿಷಿನಲ್ಲಿ ‘ಇ’ ಅಕ್ಷರ ಎಲ್ಲಕ್ಕಿಂತ ಮೊದಲು ಮುಗಿಯುತ್ತದೆ. ಆಗ ‘ಎಫ್’ ಅಕ್ಷರದ ಬುಡಕ್ಕೆ ಇನ್ನೊಂದರಿಂದ ತುಂಡು ಕತ್ತರಿಸಿ ಸೇರಿಸಿ ‘ಇ’ ಮಾಡುತ್ತಿದ್ದರು. ಅದೂ ಮುಗಿದರೆ ಪತ್ರಿಕೆಯ ಶೀರ್ಷಿಕೆಗಳಿಂದ ಕತ್ತರಿಸಿದ್ದೇ ಗತಿ. ಅಪಹರಣಕಾರರ ಪತ್ರದಂಥ ಆ ಅಕ್ಷರಜೋಡಣೆಯನ್ನು ಕಲಾವಿದ ಜೇಮೀ ರೀಡ್ ಪಂಕ್ ತಂಡ ಸೆಕ್ಸ್ ಪಿಸ್ಟಲ್ಸ್‌ಗೆ ಮಾಡಿ ಜಗತ್ಪ್ರಸಿದ್ಧಗೊಳಿಸಿದರು ನಿಜ. ಅಡುಗೆಮನೆಯಲ್ಲಿ ಅದೇ ಕೆಲಸ ಎಷ್ಟೋ ಸಲ ಬಡತನದ ಉಪಾಯ.

ಎರಡನೆಯ ದಿನ ಆಕ್ಸ್‌ಫರ್ಡ್ ಸ್ಟ್ರೀಟ್. ನೂರನೇ ನಂಬರಿನಲ್ಲಿ 100 ಕ್ಲಬ್ ಈಗಲೂ ಇದೆ, 1976ರ ಸೆಪ್ಟೆಂಬರ್ 20 ಮತ್ತು 21ರಂದು ಪಂಕ್ ಉತ್ಸವ ನಡೆದದ್ದು ಈ ನೆಲಮಾಳಿಗೆಯಲ್ಲಿ. ಅಲ್ಲಿಂದ ಕಾವೆಂಟ್ ಗಾರ್ಡನ್ ಕಡೆ ನಡೆದರೆ ನೀಲ್ ಸ್ಟ್ರೀಟಿನ 41-43ರಲ್ಲಿ ರಾಕ್ಸಿ ಇತ್ತು. ಪಂಕ್ ಕ್ಲಬ್ಬಾಗಿ ಅದರ ಕಾಲ ಹೆಚ್ಚುಕಡಿಮೆ ನೂರು ದಿನ. ಈಗ ಅಂಗಡಿ. ಫೋಟೊ ತೆಗೆದು ಮುಂದೆ ಹೋದರಾಯಿತು. ಕ್ಯಾಮ್ಡೆನ್ ಹೈ ಸ್ಟ್ರೀಟ್ 234ರ ಕಂಪೆಂಡಿಯಮ್ ಪುಸ್ತಕದಂಗಡಿಯ ಕಪಾಟುಗಳಲ್ಲಿ ಇಂಥ ಪತ್ರಿಕೆಗಳಿಗೆ ಜಾಗವಿತ್ತು, 2000ದಲ್ಲಿ ಮುಚ್ಚಿತು. ಚಾಕ್ ಫಾರ್ಮಿನ ರೌಂಡ್‌ಹೌಸ್ ಮಾತ್ರ ಗಟ್ಟಿಯಾಗಿ ನಿಂತಿದೆ; 1976ರ ಜುಲೈ 4ರಂದು ರಾಮೋನ್ಸ್ ಲಂಡನ್ನಿನಲ್ಲಿ ಮೊದಲು ನುಡಿಸಿದ್ದು ಅಲ್ಲಿ. ಆ ಸಂಗೀತ ಕಛೇರಿಗೂ ‘ಸ್ನಿಫಿನ್ ಗ್ಲೂ’ ಮೊದಲ ಸಂಚಿಕೆಗೂ ನಡುವೆ ಕೆಲವೇ ದಿನಗಳ ಅಂತರ. ಅಚ್ಚಿನ ಮನೆಗೆ ಕೊಡುವ ಮಾತಿದ್ದರೆ ಆ ವೇಗ ಸಾಧ್ಯವೇ ಇರಲಿಲ್ಲ.

ಗಿಟಾರಿನ ಮೂರು ಸ್ವರಗುಚ್ಛಗಳ ಚಿತ್ರ ಬರೆದು ‘ಇನ್ನು ತಂಡ ಕಟ್ಟಿ’ ಎಂದು ಹೇಳುವ ಪ್ರಸಿದ್ಧ ಪುಟ ‘ಸ್ನಿಫಿನ್ ಗ್ಲೂ’ನದು ಎಂದು ಹಲವು ಕಡೆ ಓದಿರುತ್ತೀರಿ. ತಪ್ಪು. ಅದು 1977ರ ಜನವರಿಯ ‘ಸೈಡ್‌ಬರ್ನ್ಸ್’ ಪತ್ರಿಕೆಯದು.

ಪಶ್ಚಿಮಕ್ಕೆ ಲ್ಯಾಡ್‌ಬ್ರೋಕ್ ಗ್ರೋವ್. ರಫ್ ಟ್ರೇಡ್ ಅಂಗಡಿ 1976ರ ಫೆಬ್ರವರಿಯಲ್ಲಿ ಶುರುವಾದದ್ದು ಕೆನ್ಸಿಂಗ್ಟನ್ ಪಾರ್ಕ್ ರೋಡ್ 202ರಲ್ಲಿ. 1983ರಿಂದ ಸಮೀಪದ ಟಾಲ್ಬಟ್ ರೋಡ್ 130. ಜಾಗ ಚಿಕ್ಕದು, ಶನಿವಾರ ಮಧ್ಯಾಹ್ನ ಹೋದರೆ ಮೈಗೆ ಮೈ ತಾಗುತ್ತದೆ. ಪತ್ರಿಕೆಗಳು ಊರಿಂದೂರಿಗೆ ಹರಡಿದ್ದು ಇಂಥ ರೆಕಾರ್ಡ್ ಅಂಗಡಿಗಳಿಂದ. ವ್ಯವಹಾರ ಮಾರಿದರೆ ದುಡ್ಡು, ಇಲ್ಲದಿದ್ದರೆ ವಾಪಸ್ಸು. ಮುಖಬೆಲೆಯ ಮೂರನೇ ಒಂದರಿಂದ ಅರ್ಧದವರೆಗೆ ಅಂಗಡಿಯ ಪಾಲು ಎಂದು ಲೆಕ್ಕ ಹಾಕಿ ಬೆಲೆ ಇಡಬೇಕು. ಹತ್ತು ಪ್ರತಿ ಬಿಟ್ಟು ಬಂದರೆ ದಿನಾಂಕ, ಸಂಖ್ಯೆ, ಬೆಲೆ ಬರೆದ ಚೀಟಿಗೆ ಸಹಿ ಹಾಕಿಸಿಕೊಳ್ಳಿ. ಕೌಂಟರಿನಲ್ಲಿ ಮುಂದಿನ ಸಲ ಬೇರೆಯವರು ಇರುತ್ತಾರೆ. ಪತ್ರಿಕೆಗಳು ಸಾಯುವುದು ಬರೆಯಲು ವಿಷಯವಿಲ್ಲದೆ ಅಲ್ಲ, ಅಂಗಡಿಗಳಿಂದ ಬಾಕಿ ವಸೂಲಿಗೆ ಓಡಾಡಿ ಸುಸ್ತಾಗಿ.

ಪೋರ್ಟೊಬೆಲೊ ರೋಡ್ 286ರಲ್ಲಿ ಬೆಟರ್ ಬ್ಯಾಡ್ಜಸ್ ಇತ್ತು. ಬಟ್ಟೆಗೆ ಚುಚ್ಚಿಕೊಳ್ಳುವ ಬಿಲ್ಲೆಗಳ ವ್ಯಾಪಾರದ ಜೊತೆಗೆ ಈ ಹುಡುಗರ ಪತ್ರಿಕೆಗಳನ್ನು ಆಫ್‌ಸೆಟ್‌ನಲ್ಲಿ ಅಚ್ಚು ಹಾಕಿ, ದುಡ್ಡು ಆಮೇಲೆ ಕೊಡಿ ಎನ್ನುತ್ತಿದ್ದರು. ಜೆರಾಕ್ಸಿನಲ್ಲಿ ಮೊದಲ ಪ್ರತಿಗೂ ಐನೂರನೆಯದಕ್ಕೂ ಖರ್ಚು ಒಂದೇ. ಆಫ್‌ಸೆಟ್‌ನಲ್ಲಿ ಪ್ಲೇಟಿಗೆ ಮೊದಲೇ ದುಡ್ಡು ಹೋಗುತ್ತದೆ, ಆಮೇಲೆ ಪ್ರತಿ ಅಗ್ಗ. ಕೆಲವು ನೂರು ದಾಟಿದ ಮೇಲೆಯೇ ಲಾಭ. ಕಪ್ಪು ತುಂಬಿ ಬರುತ್ತದೆ, ಎರಡನೇ ಬಣ್ಣ ಹಾಕಬಹುದು. ಎಂಬತ್ತರ ಹೊತ್ತಿಗೆ ಪುಟಗಳ ಚಹರೆ ಬದಲಾದದ್ದು ಹೀಗೆ.

‘ಸ್ನಿಫಿನ್ ಗ್ಲೂ’ ಎ4 ಹಾಳೆಗಳನ್ನು ಮೂಲೆಗೆ ಪಿನ್ ಹೊಡೆದ ಕಟ್ಟು. ಮಡಚುವ, ಪುಟ ಜೋಡಿಸುವ ತಲೆನೋವಿಲ್ಲ. ಆದರೆ ಇಂದು ಹೆಚ್ಚಿನವರು ಮಾಡುವುದು ಎ4 ಅರ್ಧ ಮಡಚಿದ ಎ5. ಹದಿನಾರು ಪುಟಕ್ಕೆ ನಾಲ್ಕು ಹಾಳೆ. ಹೊರಗಿನ ಹಾಳೆಯ ಮುಂಬದಿಯಲ್ಲಿ ಎಡಕ್ಕೆ 16, ಬಲಕ್ಕೆ 1. ಹಿಂಬದಿ 2, 15. ಮುಂದಿನದು 14, 3. ಹಿಂದೆ 4, 13. ಮೂರನೆಯದು 12, 5. ಹಿಂದೆ 6, 11. ಒಳಗಿನದು 10, 7. ಹಿಂದೆ 8, 9. ಯಾವ ಮಗ್ಗುಲು ನೋಡಿದರೂ ಕೂಡಿದರೆ 17 ಬರಬೇಕು. ಬರದಿದ್ದರೆ ಅಲ್ಲೇ ತಪ್ಪಿದ್ದೀರಿ. ಒಟ್ಟು ಪುಟ ನಾಲ್ಕರಿಂದ ಭಾಗವಾಗದಿದ್ದರೆ ಖಾಲಿ ಪುಟ ಉಳಿಯುತ್ತದೆ. ಮೊದಲು ಚಿಕ್ಕ ಕಾಗದ ಮಡಚಿ ಪುಟಸಂಖ್ಯೆ ಬರೆದ ಮಾದರಿ ಮಾಡಿಕೊಂಡೇ ಅಂಗಡಿಗೆ ಹೋಗಿ. ಎರಡೂ ಬದಿಗೆ ಹಾಕಿಸುವಾಗ ಗಿಡ್ಡ ಅಂಚಿನ ಮೇಲೆ ಹೊರಳಿಸಲು ಹೇಳಬೇಕು, ಉದ್ದ ಅಂಚಿನ ಮೇಲೆ ಹೊರಳಿದರೆ ಹಿಂಬದಿ ತಲೆಕೆಳಗು. ಒಂದು ಹಾಳೆ ತೆಗೆದು ಮಡಚಿ ನೋಡದೆ ನೂರಕ್ಕೆ ಒತ್ತಬೇಡಿ.

ಅಂಚಿಗೆ ಕನಿಷ್ಠ ಒಂದು ಸೆಂಟಿಮೀಟರ್ ಬಿಡಿ. ಯಂತ್ರ ಅಂಚಿನ ನಾಲ್ಕೈದು ಮಿಲಿಮೀಟರನ್ನು ಮುಟ್ಟುವುದಿಲ್ಲ. ಜೊತೆಗೆ ಹನ್ನೆರಡು ಹಾಳೆ ಮಡಚಿದರೆ ಒಳಗಿನದು ಒಂದು ಮಿಲಿಮೀಟರಿಗೂ ಹೆಚ್ಚು ಹೊರಚಾಚುತ್ತದೆ. ಅದನ್ನು ಕತ್ತರಿಸಿದರೆ ಪಾಪ, ಒಳಪುಟದ ಪುಟಸಂಖ್ಯೆಯೇ ಹೋಗುತ್ತದೆ. ಪಿನ್ ಹೊಡೆಯಲು ಸಾಮಾನ್ಯ ಸ್ಟೇಪ್ಲರ್ ಸಾಲದು, ಎ4 ನಡುಗೆರೆ ಅಂಚಿನಿಂದ 14.85 ಸೆಂಟಿಮೀಟರ್ ದೂರ. ಉದ್ದ ಕೈಯಿನ ಸ್ಟೇಪ್ಲರ್ ಇಲ್ಲದಿದ್ದರೆ ಇರುವುದನ್ನೇ ಬಿಡಿಸಿ, ಹಾಳೆಗಳನ್ನು ರಟ್ಟಿನ ಪೆಟ್ಟಿಗೆಯ ಮೇಲಿಟ್ಟು ಹೊರಗಿನಿಂದ ಒತ್ತಿ, ತಿರುವಿ, ಕಾಲುಗಳನ್ನು ಚಮಚದ ಹಿಂಬದಿಯಿಂದ ಮಡಚಿ. 26/6 ಪಿನ್ ಇಪ್ಪತ್ತು ಹಾಳೆಯವರೆಗೆ ಸಾಕು.

ನಕಲು ಯಂತ್ರದ ಮಾತು ಬಂದಾಗ ಉತ್ತರ ಲಂಡನ್ನಿನ ಟಾಟನ್‌ಹ್ಯಾಮ್ ಬಿಡಲಾಗದು. ಸೈಕ್ಲೋಸ್ಟೈಲ್ ಯಂತ್ರ ಮಾಡುತ್ತಿದ್ದ ಗೆಸ್ಟೆಟ್ನರ್ ಕಾರ್ಖಾನೆ ಇದ್ದದ್ದು ಅಲ್ಲಿ. ನಮ್ಮ ಶಾಲೆ, ಸಂಘ, ಕಚೇರಿಗಳಲ್ಲಿ ಸೈಕ್ಲೋಸ್ಟೈಲ್ ಎಂದರೆ ಅನೇಕರಿಗೆ ನೆನಪಾಗುವುದು ಅದೇ ಹೆಸರು. ಜೆರಾಕ್ಸ್ ಕೈಗೆಟುಕದ ಕಡೆ ಅಭಿಮಾನಿ ಪತ್ರಿಕೆಗಳೂ ಸ್ಟೆನ್ಸಿಲ್ ಎಂಬ ಮೇಣದ ಹಾಳೆಯ ಮೇಲೆಯೇ ಬಂದವು. ಟೈಪ್‌ರೈಟರಿನ ರಿಬ್ಬನ್ ಸರಿಸಿ ಬರೀ ಅಚ್ಚು ಬಡಿಯಬೇಕು. ಜೋರಾದರೆ ಸೊನ್ನೆಯ ನಡುಭಾಗ ಕಳಚಿ ಬಿದ್ದು ಅಲ್ಲಿ ಮಸಿಯ ಬೊಟ್ಟು. ಕಡ್ಡಿಪೆನ್ನಿನಲ್ಲಿ ಕನ್ನಡ ಕೊಯ್ದವರಿಗೆ ನಮ್ಮ ಗುಂಡಕ್ಷರಗಳು ಕೊಟ್ಟ ಕಾಟವೂ ಇದೇ. ಟಾಟನ್‌ಹ್ಯಾಮಿಗೆ ಹೋಗಿ ನೋಡುವಂಥದ್ದೇನೂ ಉಳಿದಿಲ್ಲ, ಆ ಟಿಕೆಟ್ಟಿನ ದುಡ್ಡು ಉಳಿಸಿ.

ಕೊನೆಯ ದಿನಕ್ಕೆ ಎಲಿಫೆಂಟ್ ಅಂಡ್ ಕಾಸಲ್. ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ ಕ್ರಾಂಪ್ಟನ್ ಸ್ಟ್ರೀಟ್ 56ಎ. ಇನ್ಫೋಶಾಪ್ ಎಂದು 1991ರಿಂದ ಸ್ವಯಂಸೇವಕರು ನಡೆಸುತ್ತಿರುವ ಜಾಗ. ವಾರವಿಡೀ ತೆರೆದಿರುವುದಿಲ್ಲ, ದಿನ ಸಮಯ ನೋಡಿಕೊಂಡೇ ಹೊರಡಿ. ಪಾಸು ಕೇಳುವವರಿಲ್ಲ, ಹಳೆಯ ಪತ್ರಿಕೆಗಳ ಪೆಟ್ಟಿಗೆ ತೆಗೆದು ಓದಬಹುದು. ಹಳೆಯ ಕಟ್ಟುಗಳಲ್ಲಿ ಮೊದಲು ಹಾಳಾಗುವುದು ಪಿನ್. ತುಕ್ಕು ಕಾಗದಕ್ಕೆ ಹತ್ತಿ ಸುತ್ತ ಕಂದು ಉಂಗುರ, ಎಳೆದರೆ ಹರಿಯುತ್ತದೆ. ಪುಟವನ್ನು ಪೂರ್ತಿ ಹಿಂದಕ್ಕೆ ಮಡಚಬೇಡಿ.

ಆ ಕಾಲದ ಪತ್ರಿಕೆಗಳ ಹಿಂಪುಟದಲ್ಲಿ ಅಂಚೆಚೀಟಿ ವಾಪಸ್ ಕಳಿಸಿ ಎಂಬ ವಿನಂತಿ ಕಂಡರೆ ಕಾರಣ ಇದು: ಚೀಟಿಯ ಮೇಲೆ ಸೋಪು ಇಲ್ಲವೇ ನೀರಂಟು ಸವರಿ ಕಳಿಸುತ್ತಿದ್ದರು, ಬಂದ ಮೇಲೆ ತೊಳೆದರೆ ಮುದ್ರೆ ಹೋಗಿ ಚೀಟಿ ಮತ್ತೆ ಹೊಸದು. ಕಾನೂನಿಗೆ ವಿರುದ್ಧ, ಆದರೆ ಎಲ್ಲರಿಗೂ ಗೊತ್ತಿದ್ದ ಗುಟ್ಟು. 2023ರಿಂದ ಬ್ರಿಟನ್ನಿನ ಮಾಮೂಲು ಚೀಟಿಗೆ ಬಾರ್‌ಕೋಡ್ ಬಂದು ಆ ಆಟ ಮುಗಿಯಿತು. ಈಗ ಉಳಿತಾಯ ಅಳತೆಯಲ್ಲಿದೆ. ಎ5 ಪತ್ರಿಕೆ ಸಿ5 ಲಕೋಟೆಯಲ್ಲಿ ಹಾಕಿದರೆ 229 ಗುಣಿಸು 162 ಮಿಲಿಮೀಟರ್. ಸಾಮಾನ್ಯ ಪತ್ರದ ಮಿತಿ 240 ಗುಣಿಸು 165, ದಪ್ಪ 5 ಮಿಲಿಮೀಟರ್, ತೂಕ 100 ಗ್ರಾಂ. ಮೂವತ್ತೆರಡು ಪುಟ ಎಂದರೆ ಎಂಟು ಹಾಳೆ, ನಲವತ್ತು ಗ್ರಾಂ; ತೂಕದ ಚಿಂತೆಯಿಲ್ಲ. ಸಿಕ್ಕಿಬೀಳುವುದು ದಪ್ಪದಲ್ಲಿ. ಹೊಸದಾಗಿ ಮಡಚಿದ ಬೆನ್ನು ಉಬ್ಬಿ ನಿಂತು ಅಂಚೆಯ ಅಳತೆಪಟ್ಟಿಯ ಸೀಳಿನಲ್ಲಿ ತೂರುವುದಿಲ್ಲ, ಪತ್ರದ ಬದಲು ದೊಡ್ಡ ಪತ್ರದ ದರ ಬೀಳುತ್ತದೆ. ಅಂಚೆಗೆ ಹಾಕುವ ಹಿಂದಿನ ರಾತ್ರಿ ಕಟ್ಟನ್ನು ದಪ್ಪ ಪುಸ್ತಕಗಳಡಿ ಇಟ್ಟು ಮಲಗಿ.